ನಶೆಯ ಪಟ್ಟಿಯಲ್ಲಿರುವ ಮದ್ದು: ಸಂಶೋಧನೆಗೆ ಯಾಕೆ ಇಷ್ಟು ಅಡ್ಡಿ?

ಜೂನ್ 26ರಂದು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮಾದಕ ವಸ್ತು ವಿರೋಧಿ ದಿನ ಆಚರಿಸಿದೆವು. ಎಲ್ಲರೂ ಎದ್ದು ನಿಂತು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದೆವು. ಕೊನೆಯಲ್ಲಿ "ಯಾರಿಗಾದರೂ ಪ್ರಶ್ನೆ ಇದೆಯಾ?" ಎಂದು ಕೇಳಿದರು. ನನ್ನ ಹತ್ತಿರ ಒಂದು ಪ್ರಶ್ನೆ ಇತ್ತು. ಆದರೆ ಕೈ ಎತ್ತಲಿಲ್ಲ. ಎತ್ತಿದರೆ ಇಡೀ ಸಭಾಂಗಣ ನನ್ನನ್ನು ಹೇಗೆ ನೋಡುತ್ತದೋ ಎಂಬ ಹೆದರಿಕೆ ಇತ್ತು.

ಪ್ರಶ್ನೆ ಇಷ್ಟೇ: "ಇದೇ ಪಟ್ಟಿಯಲ್ಲಿರುವ ಕೆಲವು ವಸ್ತುಗಳನ್ನು ಹೊರದೇಶದ ಡಾಕ್ಟರ್‌ಗಳು ಮನಸ್ಸಿನ ಆಘಾತಕ್ಕೆ ಔಷಧಿಯಾಗಿ ಪರೀಕ್ಷೆ ಮಾಡುತ್ತಿದ್ದಾರಂತೆ. ನಿಜವಾ? ನಿಜವಾದರೆ ನಮ್ಮ ದೇಶದಲ್ಲಿ ಯಾಕೆ ಮಾಡುವುದಿಲ್ಲ?" ಮರುದಿನ ಸ್ಟಾಫ್ ರೂಮಿಗೆ ಹೋಗಿ ನಮ್ಮ ಕನ್ನಡ ಉಪನ್ಯಾಸಕರ ಹತ್ತಿರ ಕೇಳಿದೆ. ಅವರು ಬೈಯಲಿಲ್ಲ. "ನೀನೇ ಓದು, ಗೊತ್ತಾದದ್ದನ್ನು ಪತ್ರಿಕೆಗೆ ಬರೆ" ಎಂದರು. ಹಾಗಾಗಿ ಈ ಲೇಖನ.

ಈ ಪ್ರಶ್ನೆ ನನಗೆ ಬಂದದ್ದು ನಮ್ಮ ಮಾಮು ಅವರಿಂದ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮಾಮು ಹುಬ್ಬಳ್ಳಿ–ಅಂಕೋಲಾ ಮಾರ್ಗದಲ್ಲಿ ಲಾರಿ ಓಡಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅರಬೈಲ್ ಘಟ್ಟದಲ್ಲಿ ಲಾರಿ ಪಲ್ಟಿಯಾಯಿತು. ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಉಳಿಯಲಿಲ್ಲ. ಮಾಮು ಅವರ ಮುರಿದ ಕಾಲು ನಾಲ್ಕು ತಿಂಗಳಲ್ಲಿ ಸರಿಯಾಯಿತು. ನಿದ್ದೆ ಮಾತ್ರ ಇವತ್ತಿಗೂ ಸರಿಯಾಗಿಲ್ಲ. ನಂದೊಳ್ಳಿಯಲ್ಲಿ ನಮ್ಮ ಮನೆಗೆ ಬಂದು ಉಳಿದರೆ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ. ಬ್ರೇಕಿನ ಶಬ್ದ ಕೇಳಿದರೆ ಕೈ ನಡುಗುತ್ತದೆ. ಈಗ ಅವರು ಡ್ರೈವಿಂಗ್ ಬಿಟ್ಟಿದ್ದಾರೆ.

2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ನಮ್ಮ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಉರುಳಿ ಹತ್ತು ವ್ಯಾಪಾರಿಗಳು ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಆ ಸುದ್ದಿ ಕೇಳಿ ಮಾಮು ಎರಡು ದಿನ ಊಟ ಮಾಡಲಿಲ್ಲ. ಸ್ವಲ್ಪ ದಿನದ ಮೇಲೆ ಯಾರೋ ಅವರ ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ಅಮೆರಿಕದ ಸೈನಿಕರ ಇಂಥದ್ದೇ ಕಾಯಿಲೆ ಡ್ರಗ್ಸ್‌ನಿಂದ ಗುಣವಾಯಿತು ಎಂದು ಅದರಲ್ಲಿತ್ತು. "ಬೇಟಾ, ನಿನಗೆ ಇಂಗ್ಲಿಷ್ ಬರುತ್ತಲ್ಲ, ಇದು ನಿಜವಾ ಸುಳ್ಳಾ ನೋಡಿ ಹೇಳು" ಎಂದರು. ಅಮ್ಮಿ ಒಳಗಿನಿಂದಲೇ "ನಶೆಯ ಮಾತು ಈ ಮನೆಯಲ್ಲಿ ಬೇಡ" ಎಂದು ಹೇಳಿದರು. ಮಾತು ಅಲ್ಲಿಗೆ ನಿಂತಿತು. ನಾನು ಓದಲು ಶುರು ಮಾಡಿದೆ.

ಆಘಾತ ಎಂಬ ಕಾಯಿಲೆ

ಮಾಮು ಅವರಿಗೆ ಇರುವುದಕ್ಕೆ ಮನೋವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ. ದೊಡ್ಡ ಅಪಘಾತ, ಹಿಂಸೆ, ಪ್ರವಾಹ, ಯುದ್ಧ ಇಂಥದ್ದನ್ನು ಅನುಭವಿಸಿದ ಕೆಲವರಲ್ಲಿ ಆ ಘಟನೆ ಮುಗಿದೇ ಇಲ್ಲ ಎನ್ನುವಂತೆ ಮನಸ್ಸು ವರ್ತಿಸುತ್ತದೆ. ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ಜಾಗದ ಹತ್ತಿರ ಹೋಗದಿರುವುದು, ಯಾರ ಜೊತೆಯೂ ಬೆರೆಯದಿರುವುದು ಇದರ ಲಕ್ಷಣಗಳು. ಇದು ಹೇಡಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ.

ನಮ್ಮ ಜಿಲ್ಲೆಗೆ ಇದು ದೂರದ ವಿಷಯವಲ್ಲ. 2021ರ ಜುಲೈನಲ್ಲಿ ನಮ್ಮ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಇಂಥ ಕಡೆ ಸತ್ತವರ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಬದುಕಿ ಉಳಿದವರ ನಿದ್ದೆಯ ಲೆಕ್ಕ ಯಾರೂ ಇಡುವುದಿಲ್ಲ.

ಆದರೆ ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಳ್ಳೆಯ ಅನುಭವವಿದೆ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆಗ ನಿಮ್ಹಾನ್ಸ್‌ನ ವೈದ್ಯರು ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಮನಸ್ಥಿತಿಯನ್ನು ಅಧ್ಯಯನ ಮಾಡಿದರು. ಭೋಪಾಲದ ಅನಿಲ ದುರಂತದ ನಂತರವೂ ನಿಮ್ಹಾನ್ಸ್‌ನವರು ಅಲ್ಲಿಗೆ ಹೋಗಿ ಕೆಲಸ ಮಾಡಿದ್ದಾರೆ. ಅಂದರೆ ಆಘಾತವನ್ನು ಅರಿತ ವೈದ್ಯರು ನಮ್ಮಲ್ಲಿ ಬಹಳ ಹಿಂದಿನಿಂದ ಇದ್ದಾರೆ.

ಈಗ ಇರುವ ಚಿಕಿತ್ಸೆ ಎರಡು ಬಗೆಯದು. ಒಂದು, ತರಬೇತಿ ಪಡೆದವರ ಜೊತೆ ಮಾತಿನ ಮೂಲಕ ಆ ನೆನಪನ್ನು ನಿಧಾನವಾಗಿ ಎದುರಿಸುವುದು. ಇನ್ನೊಂದು, ಸರ್ಟ್ರಲಿನ್‌ನಂಥ ಮಾತ್ರೆಗಳು. ಇವುಗಳಿಂದ ಬಹಳ ಜನರಿಗೆ ಅನುಕೂಲವಾಗಿದೆ. ಎಲ್ಲರಿಗೂ ಪೂರ್ತಿ ಆಗುವುದಿಲ್ಲ. ಮಾಮು ಅವರಿಗೂ ಅರ್ಧ ಗುಣವಾಗಿದೆ. ಉಳಿದ ಅರ್ಧಕ್ಕೆ ಏನು ಎಂಬುದೇ ಸಂಶೋಧಕರ ಪ್ರಶ್ನೆ.

ವಿಡಿಯೊದಲ್ಲಿ ಇದ್ದದ್ದು ಎಷ್ಟು ನಿಜ?

ವಿಡಿಯೊದಲ್ಲಿ ಹೇಳಿದ್ದು ಎಂಡಿಎಂಎ ಬಗ್ಗೆ. ನಮ್ಮ ಪೇಪರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸುದ್ದಿಯಲ್ಲಿ ಬರುವ ಅದೇ ಎಂಡಿಎಂಎ. ಜರ್ಮನಿಯ ಮರ್ಕ್ ಕಂಪನಿ ಇದನ್ನು ಮೊದಲು ತಯಾರಿಸಿದ್ದು 1912ರಲ್ಲಿ. ಎಷ್ಟೋ ವರ್ಷಗಳ ನಂತರ ಅಮೆರಿಕದ ಕೆಲವು ಮನೋಚಿಕಿತ್ಸಕರು ಅದನ್ನು ಬಳಸತೊಡಗಿದರು. ಇದನ್ನು ತೆಗೆದುಕೊಂಡಾಗ ಹೆದರಿಕೆ ತಾತ್ಕಾಲಿಕವಾಗಿ ಕಡಿಮೆಯಾಗುವುದರಿಂದ ರೋಗಿ ತನ್ನ ಕೆಟ್ಟ ನೆನಪಿನ ಬಗ್ಗೆ ಮಾತಾಡಬಲ್ಲ ಎಂಬುದು ಅವರ ವಿಚಾರ.

ಆಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಮಾತ್ರೆ ಕೊಟ್ಟು ಮನೆಗೆ ಕಳಿಸುವುದಿಲ್ಲ. ಸುಮಾರು ಒಂದೊಂದು ತಿಂಗಳ ಅಂತರದಲ್ಲಿ ಮೂರೇ ಮೂರು ಬಾರಿ, ಆಸ್ಪತ್ರೆಯಂಥ ಜಾಗದಲ್ಲಿ, ಇಬ್ಬರು ಚಿಕಿತ್ಸಕರ ಎದುರು, ಎಂಟು ಗಂಟೆಯ ಕಾಲ. ಅದಕ್ಕೆ ಮೊದಲೂ ನಂತರವೂ ಮಾತಿನ ಚಿಕಿತ್ಸೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 90 ಜನ ಇದ್ದರು. ಎಂಡಿಎಂಎ ಜೊತೆಗೆ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 67ರಷ್ಟು ಜನರಲ್ಲಿ ಕಾಯಿಲೆಯ ಲಕ್ಷಣಗಳು ಕಾಯಿಲೆ ಎಂದು ಹೇಳಲಾಗದಷ್ಟು ಇಳಿದವು. ಔಷಧಿ ಇಲ್ಲದ ಮಾತ್ರೆ ಮತ್ತು ಅದೇ ಮಾತಿನ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 32.

ಹಾಗಾದರೆ ವಿಡಿಯೊ ನಿಜವೇ? ಅರ್ಧ ನಿಜ. ಉಳಿದರ್ಧವನ್ನು ಆಮೇಲೆ ಹೇಳುತ್ತೇನೆ.

ಎರಡು ದೇಶ, ಒಂದೇ ವರ್ಷ

1985ರ ಜುಲೈ 1ರಂದು ಅಮೆರಿಕ ಸರ್ಕಾರ ಎಂಡಿಎಂಎಯನ್ನು ತುರ್ತಾಗಿ ಅತಿ ಕಠಿಣ ಪಟ್ಟಿಗೆ ಸೇರಿಸಿತು. "ವೈದ್ಯಕೀಯ ಉಪಯೋಗ ಇಲ್ಲದ್ದು" ಎಂಬ ಪಟ್ಟಿ ಅದು. ಮರುವರ್ಷ ಈ ವಿಷಯದ ವಿಚಾರಣೆ ನಡೆಸಿದ ಆಡಳಿತ ನ್ಯಾಯಾಧೀಶರು ಅಷ್ಟು ಕಠಿಣ ಪಟ್ಟಿ ಬೇಡ, ವೈದ್ಯರಿಗೆ ಅವಕಾಶ ಇರಲಿ ಎಂದು ಶಿಫಾರಸು ಮಾಡಿದರು. ಸರ್ಕಾರಿ ಸಂಸ್ಥೆ ಒಪ್ಪಲಿಲ್ಲ. 1985ರಿಂದ ಲೆಕ್ಕ ಹಾಕಿದರೆ ದೊಡ್ಡ ಪ್ರಯೋಗದ ಫಲಿತಾಂಶ ಬರಲು ಮೂವತ್ತಾರು ವರ್ಷ ಹಿಡಿಯಿತು.

ಅದೇ 1985ರ ನವೆಂಬರ್ 14ರಂದು ಭಾರತದಲ್ಲಿ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಮಾದಕ ವಸ್ತುಗಳ ವಿರುದ್ಧ ನಮ್ಮಲ್ಲಿರುವ ಮುಖ್ಯ ಕಾಯ್ದೆ ಇದೇ. ಪ್ರತಿಜ್ಞೆಯ ದಿನ ನಮಗೆ ಹೇಳಿದ ಶಿಕ್ಷೆಗಳೆಲ್ಲ ಇದರಲ್ಲಿವೆ. ನಾನು ಓದಿದಾಗ ಆಶ್ಚರ್ಯವಾದದ್ದು ಎಂಟನೇ ಸೆಕ್ಷನ್. ಅದು ಎಲ್ಲವನ್ನೂ ನಿಷೇಧಿಸಿ, ಜೊತೆಗೇ "ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ ಹೊರತು" ಎಂಬ ಅರ್ಥದ ಮಾತು ಸೇರಿಸಿದೆ. ಅಂದರೆ ಕಾಯ್ದೆ ಮಾಡಿದವರೇ ಸಂಶೋಧನೆಗೆ ಬಾಗಿಲು ಇಟ್ಟಿದ್ದಾರೆ. ಬಾಗಿಲು ಇದ್ದರೂ ಒಳಗೆ ಹೋಗುವವರು ಯಾಕಿಲ್ಲ?

ನಾನು ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಒಂದು ಲೆಕ್ಕ ಹಾಕಿ ನೋಡಿದೆ. ಅಮೆರಿಕದ ಪ್ರಯೋಗದ ಕ್ರಮದಲ್ಲಿ ಒಬ್ಬ ರೋಗಿಗೆ ಮೂರು ಬಾರಿಯೂ ಸೇರಿ ಹೆಚ್ಚೆಂದರೆ ಅರ್ಧ ಗ್ರಾಂನ ಹತ್ತಿರ ಎಂಡಿಎಂಎ ಬೇಕು. 50 ರೋಗಿಗಳಿಗೆ ಸುಮಾರು 24 ಗ್ರಾಂ. ನಮ್ಮ ಕಾಯ್ದೆಯಡಿ ಎಂಡಿಎಂಎಯ ವಾಣಿಜ್ಯ ಪ್ರಮಾಣ 10 ಗ್ರಾಂ. ಅಷ್ಟು ಅಕ್ರಮವಾಗಿ ಇಟ್ಟುಕೊಂಡವರಿಗೆ 10ರಿಂದ 20 ವರ್ಷ ಜೈಲು, ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಅಂದರೆ ಚಿಕ್ಕ ಪ್ರಯೋಗ ಮಾಡುವ ಪ್ರೊಫೆಸರ್ ಕಪಾಟಿನಲ್ಲಿ ವಾಣಿಜ್ಯ ಪ್ರಮಾಣದ ಎರಡು ಪಟ್ಟಿಗಿಂತ ಹೆಚ್ಚು ಇಡಬೇಕು. ಅವರನ್ನೂ ಜೈಲನ್ನೂ ಬೇರೆ ಮಾಡುವುದು ಲೈಸೆನ್ಸ್ ಕಾಗದ ಮಾತ್ರ.

ಆ ಕಾಗದ ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. ಹೊಸ ಔಷಧಿಯ ಪ್ರಯೋಗಕ್ಕೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಬೇಕು, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹೊರದೇಶದಿಂದ ತರಿಸಲು ಗ್ವಾಲಿಯರ್‌ನಲ್ಲಿರುವ ಕೇಂದ್ರ ನಾರ್ಕೋಟಿಕ್ಸ್ ಬ್ಯೂರೋದ ಪತ್ರ ಬೇಕು. ಪ್ರತಿ ಮಿಲಿಗ್ರಾಮಿಗೂ ಸ್ಟಾಕ್ ರಿಜಿಸ್ಟರ್ ಬೇಕು. ಇದರಲ್ಲಿ ಯಾವುದೂ ತಪ್ಪಲ್ಲ. ಇಂಥ ವಸ್ತು ಕಳುವಾಗಬಾರದು. ಆದರೆ ಅನುಮತಿ ಕೊಡುವ ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. "ಇಲ್ಲ" ಎಂದರೆ ಯಾರೂ ಅವರನ್ನು ಕೇಳುವುದಿಲ್ಲ. "ಹೌದು" ಎಂದು ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅವರ ಹೆಸರು ಪೇಪರಿನಲ್ಲಿ ಬರುತ್ತದೆ.

ಮಾರ್ಫಿನ್ ಕಲಿಸಿದ ಪಾಠ

ಇದು ಬರೀ ಊಹೆ ಎಂದು ಯಾರಾದರೂ ಹೇಳಬಹುದು. ಆದರೆ ನಮ್ಮ ದೇಶದಲ್ಲೇ ಹೀಗೆ ಆಗಿದೆ.

ಮಾರ್ಫಿನ್ ಅಫೀಮಿನಿಂದ ಬರುವ ಔಷಧಿ. ಕ್ಯಾನ್ಸರ್‌ನ ಕೊನೆಯ ಹಂತದ ಸಹಿಸಲಾಗದ ನೋವಿಗೆ ಇದು ಬೇಕೇ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಭಾರತ ಹೊರದೇಶಗಳಿಗೆ ಅಫೀಮು ರಫ್ತು ಮಾಡುತ್ತದೆ. ಆದರೂ 1985ರ ಕಾಯ್ದೆ ಬಂದ ಮೇಲೆ ನಮ್ಮ ದೇಶದ ರೋಗಿಗಳಿಗೆ ಮಾರ್ಫಿನ್ ಬಳಕೆ ಬೀಳುತ್ತಾ ಹೋಗಿ, 1997ರ ಹೊತ್ತಿಗೆ ಸುಮಾರು ಶೇ. 97ರಷ್ಟು ಕುಸಿಯಿತು.

ಕಾಯ್ದೆ ಮಾರ್ಫಿನನ್ನು ನಿಷೇಧಿಸಿರಲಿಲ್ಲ. ವೈದ್ಯಕೀಯಕ್ಕೆ ಅದೇ ಎಂಟನೇ ಸೆಕ್ಷನ್‌ನ ಬಾಗಿಲು ಇತ್ತು. ಆದರೆ ಪ್ರತಿ ರಾಜ್ಯ ತನ್ನದೇ ನಿಯಮ ಮಾಡಿತು. ಒಂದು ಆಸ್ಪತ್ರೆಗೆ ಬೇರೆ ಬೇರೆ ಇಲಾಖೆಗಳಿಂದ ಹಲವು ಲೈಸೆನ್ಸ್ ಬೇಕಾಯಿತು. ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಚಿಕ್ಕ ತಪ್ಪಿಗೂ ದೊಡ್ಡ ಶಿಕ್ಷೆಯ ಹೆದರಿಕೆ. ಮಾರ್ಫಿನ್ ಅಗ್ಗದ ಮಾತ್ರೆ, ಲಾಭ ಕಡಿಮೆ. ಇಷ್ಟು ತೊಂದರೆ ಪಟ್ಟು ಅದನ್ನು ಇಡುವುದಕ್ಕಿಂತ ಇಡದಿರುವುದೇ ಮೇಲು ಎಂದು ಔಷಧಿ ಅಂಗಡಿಗಳು, ಆಸ್ಪತ್ರೆಗಳು ತೀರ್ಮಾನಿಸಿದವು. ನಿಧಾನವಾಗಿ ಅದನ್ನು ಬರೆದುಕೊಡಲು ಕಲಿತ ಡಾಕ್ಟರ್‌ಗಳೂ ಕಡಿಮೆಯಾದರು.

ಇದನ್ನು ಬದಲಿಸಲು ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಓಡಾಡಿದರು. ಅವರು 1993ರಲ್ಲಿ ಕಲ್ಲಿಕೋಟೆಯಲ್ಲಿ ಗೆಳೆಯರೊಂದಿಗೆ ನೋವು ನಿವಾರಣೆಯ ಕೇಂದ್ರ ಶುರು ಮಾಡಿದವರು. ಕೊನೆಗೆ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಮಾರ್ಫಿನ್‌ನಂಥ ಅಗತ್ಯ ಔಷಧಿಗಳಿಗೆ ಇಡೀ ದೇಶಕ್ಕೆ ಒಂದೇ ನಿಯಮ ಮಾಡಲು ದಾರಿ ಮಾಡಿತು. 1985ರಿಂದ 2014, ಇಪ್ಪತ್ತೊಂಬತ್ತು ವರ್ಷ. ಅಷ್ಟು ವರ್ಷ ನೋವಿನಲ್ಲಿ ಸತ್ತವರು ಯಾರೂ ನಶೆ ಮಾಡುವವರಲ್ಲ. ಎಲ್ಲರಿಗೂ ಗೊತ್ತಿದ್ದ ಹಳೆಯ ಔಷಧಿಗೇ ಈ ಗತಿಯಾದರೆ, ಇನ್ನೂ ಸಾಬೀತಾಗದ ವಸ್ತುವಿನ ಸಂಶೋಧನೆಗೆ ಯಾರು ಮುಂದೆ ಬರುತ್ತಾರೆ?

ಓಟಿನ ಲೆಕ್ಕ

ಅಡ್ಡಿ ಕಾಗದದ್ದು ಮಾತ್ರ ಅಲ್ಲ, ರಾಜಕೀಯದ್ದೂ ಹೌದು. "ಡ್ರಗ್ಸ್ ವಿರುದ್ಧ ಕಠಿಣ ಕ್ರಮ" ಎಂದು ಹೇಳಿ ಯಾವ ನಾಯಕನೂ ಓಟು ಕಳೆದುಕೊಂಡಿಲ್ಲ. "ಸಂಶೋಧನೆಗೆ ಅವಕಾಶ ಕೊಡೋಣ" ಎಂದರೆ ಮರುದಿನವೇ "ಇವರು ಡ್ರಗ್ಸ್ ಪರ" ಎಂದು ಎದುರು ಪಕ್ಷದವರು ಹೇಳುತ್ತಾರೆ. ಇದು ಎಲ್ಲ ಪಕ್ಷಗಳಿಗೂ ಅನ್ವಯಿಸುತ್ತದೆ.

2020 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಆಗಸ್ಟ್ 15ರಂದು ಕೇಂದ್ರ ಸರ್ಕಾರ 272 ಜಿಲ್ಲೆಗಳಲ್ಲಿ ನಶಾಮುಕ್ತ ಭಾರತ ಅಭಿಯಾನ ಶುರು ಮಾಡಿತು. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿನಿಮಾ ರಂಗದ ಡ್ರಗ್ಸ್ ಪ್ರಕರಣ ದಿನವಿಡೀ ಟಿವಿಯಲ್ಲಿ ಓಡುತ್ತಿತ್ತು. ಅದೇ ವರ್ಷ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ವಿಷಯ ಮತಕ್ಕೆ ಬಂತು. ಅದರ ವೈದ್ಯಕೀಯ ಗುಣಗಳ ಅಧ್ಯಯನಕ್ಕೆ ಅಡ್ಡಿ ಕಡಿಮೆಯಾಗಲಿ ಎಂಬುದು ಶಿಫಾರಸಿನ ಒಂದು ಉದ್ದೇಶ. 27 ದೇಶ ಪರವಾಗಿ, 25 ವಿರುದ್ಧವಾಗಿ ಮತ ಹಾಕಿದವು. ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. ಟಿವಿಯಲ್ಲಿ ಇದರ ಚರ್ಚೆ ನೋಡಿದ ನೆನಪು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಬೇರೆ ದೇಶಗಳ ಕಥೆಯೂ ಹೀಗೇ. ಬ್ರಿಟನ್ನಿನಲ್ಲಿ ಡೇವಿಡ್ ನಟ್ ಎಂಬ ಪ್ರೊಫೆಸರ್ ಸರ್ಕಾರದ ಮಾದಕ ವಸ್ತು ಸಲಹಾ ಮಂಡಳಿಯ ಅಧ್ಯಕ್ಷರಾಗಿದ್ದರು. ಪಟ್ಟಿಯಲ್ಲಿರುವ ಕೆಲವು ವಸ್ತುಗಳಿಗಿಂತ ಮದ್ಯ, ತಂಬಾಕುಗಳ ಹಾನಿ ಹೆಚ್ಚು ಎಂದು ಹೇಳಿದ್ದಕ್ಕೆ 2009ರ ಅಕ್ಟೋಬರ್‌ನಲ್ಲಿ ಅವರನ್ನು ಆ ಸ್ಥಾನದಿಂದ ತೆಗೆದರು. ಅಮೆರಿಕದಲ್ಲಿ ಸುಮಾರು ಐವತ್ತು ವರ್ಷ ಸಂಶೋಧನೆಗೆ ಬೇಕಾದ ಗಾಂಜಾ ಮಿಸಿಸಿಪ್ಪಿಯ ಒಂದೇ ವಿಶ್ವವಿದ್ಯಾಲಯದಿಂದ ಬರಬೇಕಿತ್ತು. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಏಕಸ್ವಾಮ್ಯ ಎನ್ನುತ್ತಾರೆ.

ಇನ್ನೊಂದು ಹಣದ ಅಡ್ಡಿ. 1912ರ ವಸ್ತುವಿನ ಪೇಟೆಂಟ್ ಯಾವಾಗಲೋ ಮುಗಿದಿದೆ. ಮೂರು ಬಾರಿ ಕೊಟ್ಟು ನಿಲ್ಲಿಸುವ ಔಷಧಿಯಿಂದ ಕಂಪನಿಗೆ ಏನು ಲಾಭ? ಹಾಗಾಗಿ ಅಮೆರಿಕದ ಪ್ರಯೋಗಗಳು ಬಹಳ ಕಾಲ ದಾನಿಗಳ ಹಣದಲ್ಲಿ ನಡೆದವು. ಸರ್ಕಾರ ಹಿಂದೆ ಸರಿದು, ಕಂಪನಿಯೂ ಬರದಿದ್ದರೆ ಉಳಿಯುವುದು ಆ ವಸ್ತುವನ್ನು ಮೊದಲೇ ನಂಬಿದವರ ಹಣ. ಆಗ ಫಲಿತಾಂಶದ ಮೇಲೂ ಜನರಿಗೆ ಅನುಮಾನ ಬರುತ್ತದೆ.

ಸಂಶೋಧನೆ "ಬೇಡ" ಎಂದೂ ಹೇಳುತ್ತದೆ

ಈಗ ವಿಡಿಯೊ ಹೇಳದ ಉಳಿದರ್ಧ. 2024ರ ಆಗಸ್ಟ್ 9ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ಕೊಡಲಿಲ್ಲ, ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬನ್ನಿ ಎಂದಿತು. ಅದಕ್ಕೆ ಮೊದಲು ತಜ್ಞರ ಸಮಿತಿಯಲ್ಲಿ ಹತ್ತು ಜನ ಅಪಾಯಕ್ಕಿಂತ ಲಾಭ ಹೆಚ್ಚು ಎಂಬುದು ಸಾಬೀತಾಗಿಲ್ಲ ಎಂದರು, ಒಬ್ಬರು ಮಾತ್ರ ಸಾಬೀತಾಗಿದೆ ಎಂದರು. ಕಾರಣಗಳು ಗಟ್ಟಿಯಾಗಿವೆ. ನಿಜವಾದ ಮಾತ್ರೆ ತೆಗೆದುಕೊಂಡವರಿಗೆ ಅದು ನಿಜವಾದದ್ದು ಎಂದು ತಕ್ಷಣ ಗೊತ್ತಾಗುತ್ತದೆ, ಆದ್ದರಿಂದ ಹೋಲಿಕೆ ಸರಿಯಾಗುವುದಿಲ್ಲ. ಹಿಂದಿನ ಒಂದು ಪ್ರಯೋಗದಲ್ಲಿ ಚಿಕಿತ್ಸಕರೇ ರೋಗಿಯ ಜೊತೆ ಅನುಚಿತವಾಗಿ ನಡೆದುಕೊಂಡದ್ದು ಹೊರಬಂದಿತ್ತು. ಹೃದಯ ಬಡಿತ, ರಕ್ತದೊತ್ತಡ ಏರುವ ಅಪಾಯವೂ ಇದೆ. ಇನ್ನೊಂದು ಕಡೆ ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಇದನ್ನು ಕೊಡಲು ಬಿಟ್ಟಿದೆ. ಅಂದರೆ ತೀರ್ಪು ಇನ್ನೂ ಪೂರ್ತಿಯಾಗಿಲ್ಲ.

ಗಾಂಜಾದ ವಿಷಯ ಇನ್ನೂ ಸ್ಪಷ್ಟ. ಡಾ. ಸೂ ಸಿಸ್ಲಿ ಎಂಬ ಅಮೆರಿಕದ ವೈದ್ಯೆ ಪಿಟಿಎಸ್‌ಡಿ ಇರುವ ಮಾಜಿ ಸೈನಿಕರಿಗೆ ಗಾಂಜಾದಿಂದ ಅನುಕೂಲ ಇದೆಯೇ ಎಂದು ಪರೀಕ್ಷಿಸಲು ಹೊರಟರು. 2011ರಲ್ಲೇ ಔಷಧ ಸಂಸ್ಥೆಯ ಒಪ್ಪಿಗೆ ಸಿಕ್ಕಿದರೂ ಬೇರೆ ಕಚೇರಿಗಳಲ್ಲಿ ಫೈಲು ನಿಂತಿತು. 2014ರಲ್ಲಿ ಅವರ ವಿಶ್ವವಿದ್ಯಾಲಯದ ಕೆಲಸವೇ ಹೋಯಿತು. ಕೊನೆಗೆ 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಾಂಜಾ ಸೇದಿದವರಿಗೂ ಔಷಧಿ ಅಂಶ ತೆಗೆದ ಗಾಂಜಾ ಸೇದಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹತ್ತು ವರ್ಷ ತಡೆದು ಸಿಕ್ಕಿದ ಉತ್ತರ "ಸಾಬೀತಾಗಿಲ್ಲ" ಎಂದು. ಇದೇ ಉತ್ತರ ಐದಾರು ವರ್ಷ ಮೊದಲೇ ಸಿಕ್ಕಿದ್ದರೆ ಅದನ್ನು ನಂಬಿ ಗಾಂಜಾಕ್ಕೆ ಹೋದ ಎಷ್ಟೋ ಜನರನ್ನು ತಡೆಯಬಹುದಿತ್ತು.

ನನಗೆ ಅರ್ಥವಾದದ್ದು ಇದು. ಸಂಶೋಧನೆಗೆ ಅವಕಾಶ ಕೊಡುವುದು ಎಂದರೆ ನಶೆಗೆ ಅವಕಾಶ ಕೊಡುವುದಲ್ಲ. ಸಂಶೋಧನೆಯನ್ನು ತಡೆದರೆ ನಶೆ ನಿಲ್ಲುವುದೂ ಇಲ್ಲ. ಡಾಕ್ಟರ್‌ಗಳು ಉತ್ತರ ಹುಡುಕದ ಜಾಗದಲ್ಲಿ ವಾಟ್ಸಾಪ್ ಉತ್ತರ ಕೊಡುತ್ತದೆ.

ಮಾಮು ಅವರಿಗೆ ನಾನು ಹೇಳಿದ್ದು

ಎರಡು ವಾರ ಓದಿದ ಮೇಲೆ ಮಾಮು ಅವರಿಗೆ ಹೇಳಿದೆ: "ಮಾಮು, ಅದು ಪರೀಕ್ಷೆಯ ಹಂತದಲ್ಲಿದೆ. ಆಸ್ಪತ್ರೆಯಲ್ಲಿ ತೂಕ ಮಾಡಿ ಕೊಡುವುದೇ ಬೇರೆ, ಹೊರಗೆ ಮಾರುವ ಪುಡಿಯೇ ಬೇರೆ. ಅದರಲ್ಲಿ ಏನು ಬೆರೆಸಿದ್ದಾರೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಹಿಡಿದರೆ ಜೈಲು. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ." ಮಾಮು ಕೇಳಿಕೊಂಡರು. "ಹಾಗಾದರೆ ಇಲ್ಲಿ ಪರೀಕ್ಷೆ ಯಾವಾಗ ಮಾಡುತ್ತಾರೆ?" ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಅಮ್ಮಿ ಮಾತು ನಿಲ್ಲಿಸಲಿಲ್ಲ. ಚಹಾ ತಂದು ಪಕ್ಕದಲ್ಲೇ ಕೂತರು.

ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದೆ, ನಂಬರ್ 14416. ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾಮು ಅವರ ಫೋನಿನಲ್ಲಿ ಆ ನಂಬರನ್ನು ನಾನೇ ಸೇವ್ ಮಾಡಿಕೊಟ್ಟಿದ್ದೇನೆ.

ಬರುವ ಜೂನ್ 26ಕ್ಕೆ ನಾವು ಮತ್ತೆ ಪ್ರತಿಜ್ಞೆ ಮಾಡುತ್ತೇವೆ. ನಾನೂ ಮನಸಾರೆ ಮಾಡುತ್ತೇನೆ. ಕೊನೆಯಲ್ಲಿ ಪ್ರಶ್ನೆ ಇದೆಯಾ ಎಂದು ಕೇಳಿದರೆ ಈ ಸಲ ಕೈ ಎತ್ತುತ್ತೇನೆ.